ಲೋಟ ತುಳುಕದ ಹಾಗೆ

ನಮ್ಮ ಬೀದಿಯ ಯುವಕರ ಸಂಘಕ್ಕೆ ಒಬ್ಬೊಬ್ಬರನ್ನೇ ಸೇರಿಸಿಕೊಳ್ಳುತ್ತಿರಲಿಲ್ಲ. ಜೋಡಿ ಬೇಕಿತ್ತು. ಕಟ್ಟಡಗಳಿಗೆ ಲಿಫ್ಟ್ ಇಲ್ಲದ ಕಾಲ ಅದು. ಮೇಲಿನ ಮಹಡಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸಂಘದ ಇಬ್ಬರು ಹುಡುಗರು ಹಿಡಿಕೆ ಜೋಡಿಸಿದ ಕುರ್ಚಿಯೊಂದನ್ನು ಹೊತ್ತುಕೊಂಡು ಹೋಗಿ, ಅವರನ್ನು ಕೂರಿಸಿ, ಕೆಳಗಿಳಿಸಿ, ಆಸ್ಪತ್ರೆಯ ಗಾಡಿ ಹತ್ತಿಸುತ್ತಿದ್ದರು. ಹೊರುವ ಇಬ್ಬರಿಗೂ ಎತ್ತರ, ಹೆಜ್ಜೆ ಎರಡೂ ಹೊಂದಬೇಕು. ಇಲ್ಲದಿದ್ದರೆ ಕುರ್ಚಿ ವಾಲುತ್ತದೆ.

ಸಂಘದ ಕೋಣೆ ಟೈರ್ ಅಂಗಡಿಯ ಮೇಲಿತ್ತು. ಒಂದು ಕೇರಂ ಬೋರ್ಡು, ಕಿವಿ ಹಿಂಡಿದರಷ್ಟೇ ಮಾತಾಡುವ ರೇಡಿಯೋ, ಗೋಡೆಗೆ ಒರಗಿಸಿಟ್ಟ ಆ ಕುರ್ಚಿ. ನನಗೆ ಕೇರಂ ಬೇಕಿರಲಿಲ್ಲ. ಸಂಘದವರು ಮೆಟ್ಟಿಲು ಹತ್ತಿದರೆ ಮನೆಯೊಳಗಿನಿಂದ "ಹುಡುಗರು ಬಂದ್ರು, ಇನ್ನು ಭಯ ಇಲ್ಲ" ಎಂಬ ಮಾತು ಕೇಳುತ್ತಿತ್ತಲ್ಲ, ಆ ಹುಡುಗರಲ್ಲಿ ನಾನೂ ಒಬ್ಬನಾಗಬೇಕಿತ್ತು.

ಕಷ್ಟವೆಂದರೆ ನಾನು ಕುಳ್ಳ. ಇಡೀ ಬೀದಿಯಲ್ಲಿ ನನ್ನ ಎತ್ತರಕ್ಕೆ ಹೊಂದುವವನು ಒಬ್ಬನೇ, ಚಿಕ್ಕಪ್ಪನ ಮಗ ಗುಬ್ಬಿ. ಅವನ ಜೊತೆ ಎರಡು ವರ್ಷದಿಂದ ಮಾತಿರಲಿಲ್ಲ.

ಅಪ್ಪ, ಚಿಕ್ಕಪ್ಪ ಇಬ್ಬರೂ ಬಡಗಿಗಳು. ಒಂದೇ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದವರು, ಯಾವುದೋ ಬಾಗಿಲಿನ ಅಳತೆ ತಪ್ಪಿಸಿದ್ದು ಯಾರು ಎಂದು ಜಗಳವಾಡಿ ನಡುವೆ ಹಲಗೆಯ ಗೋಡೆ ಎಬ್ಬಿಸಿದರು. ಅಪ್ಪನದು ಒಂದೇ ಮಾತು: "ಅವರಾಗಿ ಮಾತಾಡಿಸ್ಲಿ. ನಮ್ಮ ಕಡೆಯಿಂದ ಮೊದಲು ಬಾಯಿ ಬಿಟ್ಟವನು ಈ ಮನೆಯವನಲ್ಲ." ಗೋಡೆಯಾಚೆ ಚಿಕ್ಕಪ್ಪನೂ ಅದನ್ನೇ ಹೇಳುವುದು ನಮಗೆ ಚೆನ್ನಾಗಿ ಕೇಳಿಸುತ್ತಿತ್ತು.

ಸಂಘಕ್ಕೆ ಹಿರಿಯನಾಗಿದ್ದವನು ಕಟಿಂಗ್ ಶಾಪಿನ ಅಣ್ಣ. ಸೇರಿಸಿಕೋ ಎಂದು ನನ್ನ ಹಾಗೆಯೇ ಗುಬ್ಬಿಯೂ ಅವನ ಬೆನ್ನು ಹತ್ತಿದ್ದನಂತೆ.

"ಮಾತಾಡೋದು ಬಿಡೋದು ನಿಮ್ಮಿಷ್ಟ. ಭಾನುವಾರ ಇಬ್ಬರೂ ಬನ್ನಿ, ಪರೀಕ್ಷೆ," ಎಂದ ಅಣ್ಣ.

ಪರೀಕ್ಷೆ ಇಷ್ಟೇ. ಸಂಘದಲ್ಲೇ ಹೆಚ್ಚು ತೂಕದವನಾದ ಬೇಕರಿ ಗುಂಡ ಅಂಚಿನವರೆಗೆ ನೀರು ತುಂಬಿದ ಲೋಟ ಹಿಡಿದು ಕುರ್ಚಿಯಲ್ಲಿ ಕೂರುತ್ತಾನೆ. ಅವನನ್ನು ಸಂಘದ ಕಿರಿದಾದ ಮೆಟ್ಟಿಲು ಇಳಿಸಬೇಕು, ನೀರು ಚೆಲ್ಲಬಾರದು. ಕೆಳಗೆ ಹಿಡಿದವನು ಹಿಮ್ಮುಖವಾಗಿ ಇಳಿಯುವುದರಿಂದ ಅವನಿಗೆ ಮೆಟ್ಟಿಲು ಕಾಣುವುದಿಲ್ಲ. ಮೇಲಿನವನು ನೋಡಿ ಹೇಳಬೇಕು. ಗುಬ್ಬಿ ಕೆಳಗೆ ನಿಂತ. ಹೇಳಬೇಕಾದವನು ನಾನು.

ಬಾಯಿ ಬಿಡದೆ ಗಂಟಲಲ್ಲೇ "ಹ್ಞೂಂ, ಹ್ಞೂಂ" ಎನ್ನುತ್ತಾ ಇಳಿಸಿದೆ. ತಿರುವಿನಲ್ಲಿ ಮೆಟ್ಟಿಲು ಮುಗಿಯಿತೆಂದು ಗುಬ್ಬಿ ತಿಳಿದ. ಮುಗಿದಿರಲಿಲ್ಲ. ಕುರ್ಚಿ ಜಗ್ಗಿತು, ಹಿಡಿಕೆ ಕಿರ್ರೆಂದಿತು, ಲೋಟದ ನೀರೆಲ್ಲ ಗುಂಡನ ತೊಡೆಯ ಮೇಲೆ.

"ನಂದು ಬೆಳಿಗ್ಗೆನೇ ಸ್ನಾನ ಆಗಿತ್ತಲ್ರೋ!" ಎಂದು ಅವನು ಕೂಗಿದ.

ಅಣ್ಣ ನಗಲಿಲ್ಲ. "ಇನ್ನೊಂದು ಸಲ ನೋಡ್ತೀನಿ. ಚೆಲ್ಲಿದ್ರೆ ಇಬ್ಬರೂ ಮನೆಗೆ ನಡೀರಿ. ಕೂತಿರೋದು ಯಾರದೋ ಅಮ್ಮ ಅಂದ್ಕೊಳ್ಳಿ."

"ನಾನು ಯಾರಮ್ಮನೂ ಅಲ್ಲಪ್ಪ," ಎಂದು ಗೊಣಗುತ್ತಾ ಗುಂಡ ಮತ್ತೆ ಕೂತ.

ಅದೇ ತಿರುವು ಬಂತು. ಗುಬ್ಬಿಯ ಪಾದ ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿದ. ಚಿಕ್ಕಂದಿನಲ್ಲಿ ಮರ ಹತ್ತಿ, ಇಳಿಯಲಾರದೆ ಕೊಂಬೆ ತಬ್ಬಿಕೊಂಡಾಗಲೂ ಹೀಗೇ ನೋಡಿದ್ದ. ಲೋಟದ ನೀರು ಅಂಚಿಗೆ ಬಂದು ನಡುಗುತ್ತಿತ್ತು.

"ಇನ್ನೊಂದಿದೆ ಕಣೋ, ಗುಬ್ಬಿ. ನಿಧಾನ. ಎಡಗಾಲು ಇಡು."

ಅವನು ಇಟ್ಟ. "ಇಷ್ಟು ಹೇಳೋಕೆ ನಿನಗೆ ಎರಡು ವರ್ಷ ಬೇಕಾಯ್ತಾ?"

"ಬಾಯಿ ಮುಚ್ಕೊಂಡು ಇಳಿ."

"ಮುಚ್ಬೇಡ್ರೋ, ಮಾತಾಡ್ತಾನೇ ಇರಿ! ನನ್ನ ಪ್ಯಾಂಟು ಇನ್ನೂ ಆರಿಲ್ಲ," ಎಂದ ಗುಂಡ.

ಬೀದಿಗೆ ಇಳಿದಾಗ ಲೋಟ ತುಂಬಿಯೇ ಇತ್ತು. ಅಣ್ಣ ಅದರಲ್ಲಿ ಅರ್ಧ ನನಗೆ, ಅರ್ಧ ಗುಬ್ಬಿಗೆ ಕುಡಿಸಿದ. ಸಂಘಕ್ಕೆ ಸೇರಿದ್ದೆಂದರೆ ಅಷ್ಟೇ.

ಸುದ್ದಿ ನನಗಿಂತ ಮುಂಚೆ ಅಂಗಡಿ ತಲುಪಿತ್ತು. ಅಪ್ಪ ಹಲಗೆ ಉಜ್ಜುತ್ತಿದ್ದವರು ತಲೆ ಎತ್ತಲಿಲ್ಲ.

"ಮೊದಲು ಬಾಯಿ ಬಿಟ್ಟವನು ಯಾರು?"

"ನಾನೇ, ಅಪ್ಪ."

ಉಜ್ಜುವುದು ನಿಂತಿತು. ಗೋಡೆಯಾಚೆ ಸುತ್ತಿಗೆಯೂ ನಿಂತಿತು.

"ಬಾಯಿ ಬಿಡದೆ ಇದ್ದಿದ್ರೆ?"

"ಗುಬ್ಬಿ ಬೀಳ್ತಿದ್ದ."

ಅಪ್ಪ ಹಲಗೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕೂತರು. ಆಮೇಲೆ, ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಆ ಕುರ್ಚಿ ಹಿಡಿಕೆ ಸಡಿಲ ಆಗಿದೆಯಂತೆ. ಎಡಗಡೆದು ನಾನು ಹೊಸದು ಮಾಡ್ಕೊಡ್ತೀನಿ. ಬಲಗಡೆದು ಯಾರಾದ್ರೂ ಮಾಡೋರಿದ್ರೆ ಮಾಡ್ಲಿ."

ಆಚೆಯಿಂದ ಮೊದಲು ಕೆಮ್ಮು ಬಂತು. ಆಮೇಲೆ ಚಿಕ್ಕಪ್ಪನ ದನಿ: "ಅಳತೆ ಸರಿಯಾಗಿ ತಗೊಳ್ಳೋಕೆ ಹೇಳೋ ನಿಮ್ಮಪ್ಪಂಗೆ."

ಈಗ ಆ ಕಟ್ಟಡಗಳಿಗೆಲ್ಲ ಲಿಫ್ಟ್ ಬಂದಿದೆ. ಸಂಘದ ಕೋಣೆಯಲ್ಲಿ ಟೈರುಗಳನ್ನು ಪೇರಿಸಿದ್ದಾರೆ. ಕುರ್ಚಿ ನಮ್ಮ ಅಂಗಡಿಯಲ್ಲಿದೆ. ಅದರ ಎರಡು ಹಿಡಿಕೆಗಳ ಮರ ಬೇರೆ ಬೇರೆ, ಅಳತೆ ಒಂದೇ. ನಡುಗೋಡೆಯ ಹಲಗೆಗಳಿಂದ ನಾನೂ ಗುಬ್ಬಿಯೂ ಯಾವತ್ತೋ ಕಪಾಟು ಮಾಡಿದೆವು.

ಗುಬ್ಬಿಗೆ ಕಣ್ಣು ಮಂಜು. ಸಂಜೆ ಅಂಗಡಿ ಮುಚ್ಚಿ ಮೆಟ್ಟಿಲು ಇಳಿಯುವಾಗ ಅವನ ತೋಳು ಹಿಡಿದು, "ಇನ್ನೊಂದಿದೆ ಕಣೋ," ಎನ್ನುತ್ತೇನೆ.

"ಗೊತ್ತು ಬಿಡೋ," ಎನ್ನುತ್ತಾನೆ. ಕಾಲು ಮಾತ್ರ ನಾನು ಹೇಳಿದ ಮೇಲೆಯೇ ಇಡುತ್ತಾನೆ.