ಎಡಗಡೆಯ ಶೀಶೆ

"ಆ ಫಿಲ್ಮನ್ನ ಹರಿದು ಬುಟ್ಟಿಗೆ ಹಾಕು. ನೀನು ಏನೂ ನೋಡಿಲ್ಲ."

"ನೋಡಿದೀನಿ ಸರ್. ನೀವೂ ನೋಡಿದೀರಿ."

"ಕಬರುಂಗಿ, ಬಾಯಿ ಮುಚ್ಚು ಅಂದೆ!"

ಡಾಕ್ಟರ್ ಬ್ಯಾರುಹಂಗ ಮೇಜು ಗುದ್ದಿದ ರಭಸಕ್ಕೆ ಗಾಜಿನ ಕೊಳವೆಗಳು ಕಿಣಿಕಿಣಿ ಎಂದವು. ಕಬರುಂಗಿ ಫಿಲ್ಮನ್ನು ಕೈಯಿಂದ ಬಿಡಲಿಲ್ಲ. ಆ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ರಕ್ತ ಪರೀಕ್ಷಿಸುತ್ತ ಒಂದು ಹನಿ ಆಚೀಚೆ ಮಾಡದ ಕೈ ಅದು.

ಕಿಟಕಿಯಾಚೆ ನೀಲಗಿರಿ ಮರದಡಿ ಕಟುಕರ ಲಾರಿ ಹಿಂಬಾಗಿಲು ಇಳಿಬಿಟ್ಟು ನಿಂತಿತ್ತು. ಕಕುರು ಅಜ್ಜನ ಒಂಬತ್ತು ದನ ಅದಕ್ಕೆ ಹತ್ತಬೇಕಿತ್ತು. ಉದ್ದ ಕೊಂಬಿನವು, ಒಂದಕ್ಕಿಂತ ಒಂದು ಚೆಂದ. ಬಿಸಿಲು ತಡೆಯುವ ಶಕ್ತಿ ಇವಕ್ಕಿಲ್ಲ, ಮಾಂಸಕ್ಕೆ ಕೊಟ್ಟುಬಿಡಿ, ಬದಲಿಗೆ ಒಳ್ಳೆ ತಳಿಯ ಕರು ಕೊಡುತ್ತೇವೆ ಎಂದು ಇದೇ ಪ್ರಯೋಗಾಲಯ ಅಜ್ಜನಿಗೆ ಹೇಳಿತ್ತು. ರಕ್ತದ ಒಳಗನ್ನು ಕಂಡವರು ಸುಳ್ಳು ಹೇಳುತ್ತಾರೆಯೇ ಎಂದು ಅಜ್ಜ ಒಪ್ಪಿದ್ದ.

ಕಂಡದ್ದು ಕಬರುಂಗಿ. ಮೈಗೆ ಬಿಸಿ ತಾಗಿದಾಗ ಜೀವಕೋಶ ತನ್ನನ್ನು ಕಾಪಾಡಿಕೊಳ್ಳಲು ಒಂದು ಪ್ರೋಟೀನನ್ನು ಹುಟ್ಟಿಸುತ್ತದೆ. ಅದನ್ನು ಹುಡುಕಿ ಹಿಡಿಯುವ ಆಂಟಿಬಾಡಿ ಒಂದು ಪುಟ್ಟ ಶೀಶೆಯಲ್ಲಿ ಬರುತ್ತದೆ. ದನದ ರಕ್ತವನ್ನು ಎರಡು ಪಾಲು ಮಾಡಿ, ಒಂದನ್ನು ಬಿಸಿಮಾಡಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡಕ್ಕೂ ಅದನ್ನು ಹಾಕಬೇಕು. ಆ ಪ್ರೋಟೀನ್ ಇದ್ದಲ್ಲಿ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬಿಸಿ ಪಾಲಿನ ಗೆರೆ ಮಾತ್ರ ಕಪ್ಪಾದರೆ ದನ ಗಟ್ಟಿ. ಎರಡೂ ಒಂದೇ ಸಮ ಕಪ್ಪಾದರೆ ಬಿಸಿಗೆ ಮೈ ಎಚ್ಚರಗೊಂಡಿಲ್ಲ ಎಂದು ಲೆಕ್ಕ.

ಶೀತಪೆಟ್ಟಿಗೆಯಲ್ಲಿ ಇನ್ನೊಂದು ಶೀಶೆಯೂ ಇತ್ತು. ಅದರ ಆಂಟಿಬಾಡಿಗೆ ಭೇದವಿಲ್ಲ. ಬಿಸಿ ಇರಲಿ ಬಿಡಲಿ, ಸದಾ ಇರುವ ಸೋದರ ಪ್ರೋಟೀನನ್ನೂ ಹಿಡಿದುಬಿಡುತ್ತದೆ. ಎರಡು ತಿಂಗಳ ಹಿಂದೆ ಮಂಜು ಕೆರೆದು ಪೆಟ್ಟಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸುವಾಗ ಎರಡು ಶೀಶೆಗಳ ಮೇಲಿನ ಶಾಯಿಯೂ ಒರೆಸಿಹೋಯಿತು. ಹೆಸರಿಲ್ಲದ ಶೀಶೆಯನ್ನು ಎಸೆಯಬೇಕು, ಅದು ನಿಯಮ. ಹೊಸದು ಬರಲು ಎರಡು ತಿಂಗಳು. "ನೆನಪಿದ್ದರೆ ಬರಿ, ಯಾರು ನೋಡ್ತಾರೆ?" ಎಂದಿದ್ದರು ಡಾಕ್ಟರು. ಎಡಗಡೆಯದು ಬಿಸಿಯದು, ಬಲಗಡೆಯದು ಭೇದವಿಲ್ಲದ್ದು ಎಂದು ಅವಳು ನೆನಪಿನಿಂದ ಬರೆದು, ಅಂದಿನಿಂದ ಎಡಗಡೆಯದನ್ನೇ ಬಳಸಿದ್ದಳು. ಅಜ್ಜನ ದನಗಳ ಎರಡೂ ಗೆರೆ ಕಪ್ಪಾಗಿದ್ದು ಅದರಲ್ಲೇ.

ನಿನ್ನೆ ಹೊಸ ಶೀಶೆ ಬಂತು. ಅಜ್ಜನ ದನಗಳ ಉಳಿದ ರಕ್ತವನ್ನು ಸುಮ್ಮನೆ ಅದರಲ್ಲೊಮ್ಮೆ ನೋಡಿದಳು. ಬಿಸಿ ಪಾಲು ಕಾಡಿಗೆಯಷ್ಟು ಕಪ್ಪು, ಇನ್ನೊಂದು ಬಿಳಿ. ಒಂಬತ್ತಕ್ಕೆ ಒಂಬತ್ತೂ. ಅವಳು ಬರೆದ ಹೆಸರುಗಳು ಅದಲುಬದಲಾಗಿದ್ದವು.

"ಲಾರಿ ನಿಲ್ಸಿ ಸರ್. ಒಂದು ಮಾತು ಸಾಕು."

"ಸರಿ, ಇವನ್ನ ನಿಲ್ಲಿಸ್ತೀಯ. ಹೋದ ವಾರ ಹೋದ್ವಲ್ಲ ಬಿರುಂಗಿಯ ಆರು ದನ, ಅವನ್ನ ಕಟುಕನ ಕೊಕ್ಕೆಯಿಂದ ಇಳಿಸಿ ಎಬ್ಬಿಸ್ತೀಯ? ಬಿರುಂಗಿ ಎಂಥೋನು ಗೊತ್ತಲ್ಲ?"

ಗೊತ್ತಿತ್ತು. ಕರುವಿಗೆ ಕಲ್ಲೆಸೆದವನ ದವಡೆ ಮುರಿದ ಆಸಾಮಿ. ಅವನ ದನಗಳಿಗೂ ಅದೇ ಎಡಗಡೆಯ ಶೀಶೆ.

"ಆ ಬಾಗಿಲು ದಾಟಿದ್ರೆ ವಾಪಸ್ ಬರಬೇಡ," ಎಂದರು ಡಾಕ್ಟರು.

ಹೊರಗೆ ಮೂರು ದನ ಆಗಲೇ ಲಾರಿ ಹತ್ತಿದ್ದವು. ಅಜ್ಜ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ಕೆಂಪು ಹಸು ಬಿಹೋಗೋಳ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಕಬರುಂಗಿ ಓಡಿಬಂದು ಲಾರಿಯ ಹಲಗೆ ಹಿಡಿದುಕೊಂಡಳು.

"ಅಜ್ಜ, ಇಳಿಸಿ. ನಿಮ್ಮ ದನ ಗಟ್ಟಿಯಾಗಿವೆ. ತಪ್ಪು ನನ್ನದು."

ಡ್ರೈವರ್ ನಕ್ಕ. "ಏನಕ್ಕಾ, ಬೆಳಗ್ಗೇನೇ ಬಾಳೆಹಣ್ಣಿನ ಸಾರಾಯಿ ಕುಡಿದ್ಯಾ?"

ಅಜ್ಜ ನಗಲಿಲ್ಲ. "ಬಿಹೋಗೋ ನಡುಮಧ್ಯಾಹ್ನ ಬಿಸಿಲಲ್ಲೇ ನಿಂತು ಮೇಯ್ತಾಳೆ ಅಂತ ನಾನು ಅವತ್ತೇ ಹೇಳಿದ್ದೆ."

"ಹೇಳಿದ್ರಿ."

"ನೀನು ನಕ್ಕಿದ್ದೆ."

ಅಜ್ಜ ಲಾರಿ ಹತ್ತಿ, ಮೂರನ್ನೂ ಒಂದೊಂದೇ ಹೆಸರು ಹಿಡಿದು ಕರೆದು ಇಳಿಸಿದ. ಆಮೇಲೆ ಅವಳ ಕಡೆ ತಿರುಗಿದ.

"ಬಿರುಂಗಿ ನನ್ನ ಭಾವಮೈದ. ಅವನ ದನಗಳೂ ಗಟ್ಟಿಯಾಗೇ ಇದ್ವಾ?"

"ಇದ್ವು ಅಂತ ಕಾಣುತ್ತೆ, ಅಜ್ಜ."

ಅಜ್ಜ ಕೋಲನ್ನು ಹೆಗಲಿನಿಂದ ಇಳಿಸಿ ನೆಲಕ್ಕೂರಿದ.

"ನಾನು ಹೇಳಲ್ಲ ಅವನಿಗೆ. ಬರೆದ ಕೈ ನಿಂದು, ಹೇಳೋ ಬಾಯೂ ನಿಂದೇ ಆಗಲಿ."

ದನಗಳು ಧೂಳೆಬ್ಬಿಸಿಕೊಂಡು ಗೇಟು ದಾಟಿದವು. ಕಬರುಂಗಿ ಒಮ್ಮೆ ತಿರುಗಿ ನೋಡಿದಳು. ಕಿಟಕಿಯಲ್ಲಿ ಡಾಕ್ಟರು ಬೆರಳಾಡಿಸಿ ಒಳಗೆ ಬಾ ಎನ್ನುತ್ತಿದ್ದರು. ಅವಳ ಊಟದ ಡಬ್ಬಿ, ಚೀಲ, ಕೊಡೆ ಎಲ್ಲ ಒಳಗೇ ಇದ್ದವು. ಬಿಳಿ ಕೋಟು ಬಿಚ್ಚಿ ಕಾವಲುಗಾರನ ಕುರ್ಚಿಯ ಮೇಲಿಟ್ಟಳು. ಫಿಲ್ಮನ್ನು ಮಾತ್ರ ಎದೆಗವಚಿಕೊಂಡು, ಬಿರುಂಗಿಯ ಹಟ್ಟಿಯ ಕಡೆಯ ದಾರಿ ಹಿಡಿದಳು. ಹಲ್ಲು ಕಟಕಟ ಎನ್ನುತ್ತಿತ್ತು, ಆ ಬಿಸಿಲಲ್ಲೂ.

ಕೋಟು ಸಂಜೆಯವರೆಗೂ ಕುರ್ಚಿಯ ಮೇಲೇ ಇತ್ತು. ಅದನ್ನು ಕೇಳಿಕೊಂಡು ಅವಳು ಮತ್ತೆ ಬರಲಿಲ್ಲ.