ಗಾಳಿ ತೆಗೆದರಷ್ಟೇ ಸಾಕೇ?

ಹೊಲಿಗೆ ಅಂಗಡಿಯಿಂದ ಆಗಾಗ ಏಳಲು ಪುರುಸೊತ್ತಿಲ್ಲದ ದರ್ಜಿ, ಹದಿನೈದು ದಿನಕ್ಕಾಗುವಷ್ಟು ಕೋಳಿಮಾಂಸವನ್ನು ಒಟ್ಟಿಗೇ ತಂದು ಫ್ರೀಜರಿನಲ್ಲಿಡುತ್ತಿದ್ದಳು. ಆ ಭಾನುವಾರ ತೆಗೆದು ನೋಡಿದರೆ ಮಾಂಸವೆಲ್ಲ ಒಣಗಿ, ಬಿಳಿ ಮಚ್ಚೆ ಎದ್ದು, ನಾರಿನಂತಾಗಿತ್ತು. ಬೇಯಿಸಿದರೂ ಯಾರ ಗಂಟಲಿಗೂ ಇಳಿಯಲಿಲ್ಲ.

"ತಣ್ಣನೆ ಗಾಳಿ ತಾಗಿ ಹೀಗಾಗಿದೆ. ವ್ಯಾಕ್ಯೂಮ್ ಸೀಲರ್ ತಗೋ, ಚೀಲದ ಗಾಳಿ ಎಳೆದು ಬಾಯಿ ಬೆಸೆಯುತ್ತೆ," ಎಂದಳು ಪಕ್ಕದ ಮನೆಯ ಅಕ್ಕ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು ಅವಳು.

ದರ್ಜಿಯ ಅತ್ತೆಗೆ ನಗು ತಡೆಯಲಾಗಲಿಲ್ಲ. "ಗಾಳಿ ಎಳೆಯೋಕೂ ಒಂದು ಯಂತ್ರಾನಾ? ಇನ್ನು ಅನ್ನ ಅಗಿಯೋಕೂ ಒಂದು ತಂದ್ಬಿಡಿ!"

ಆದರೂ ದರ್ಜಿ, ಅಕ್ಕ ಇಬ್ಬರೂ ಅಂಗಡಿಗೆ ಹೋದರು. ಮಾರುವವನು ಹತ್ತು ಗುಂಡಿಗಳ, ಮಿಣಮಿಣ ದೀಪಗಳ ಯಂತ್ರ ತೋರಿಸಿದ. ಅಕ್ಕ ಕೇಳಿದ್ದೇ ಬೇರೆ. "ಇದರ ಚೀಲ ಯಾವಾಗ ಬೇಕಾದ್ರೂ ಸಿಗುತ್ತಾ? ಒದ್ದೆ ಪದಾರ್ಥಕ್ಕೆ ಬೇರೆ ಗುಂಡಿ ಇದೆಯಾ? ಬೆಸುಗೆ ಅಗಲ ಇದೆಯಾ? ಒಮ್ಮೆ ಹಾಕಿ ತೋರ್ಸಿ." ಈ ಮೂರಕ್ಕೂ ಹೌದೆನ್ನಿಸಿಕೊಂಡ ಸಾದಾ ಯಂತ್ರವೊಂದು ಮನೆಗೆ ಬಂತು.

ಮೊದಲ ದಿನ ದರ್ಜಿ ಬಿಸಿಬಿಸಿ ಸಾರನ್ನೇ ಚೀಲಕ್ಕೆ ಸುರಿದು ಗುಂಡಿ ಒತ್ತಿದಳು. ಯಂತ್ರ ಗೊರಗೊರ ಎಂದು ಸಾರನ್ನೇ ಹೀರಿ ಸುಮ್ಮನಾಯಿತು.

"ನಿಮ್ಮ ಯಂತ್ರಕ್ಕೆ ಹಸಿವು ಜಾಸ್ತಿ!" ಎಂದರು ಅತ್ತೆ.

ಅಕ್ಕ ನಗುತ್ತಲೇ ಪ್ಲಗ್ ಕಿತ್ತು ಒರೆಸಿದಳು. "ಪೂರ್ತಿ ತಣ್ಣಗಾಗ್ಲಿ. ತೆಳ್ಳಗಿರೋದನ್ನ ಮೊದಲು ಡಬ್ಬಿಲಿ ಹೆಪ್ಪುಗಟ್ಟಿಸಿ, ಆ ಗಟ್ಟೀನ ಚೀಲಕ್ಕೆ ಹಾಕು. ಮೇಲೆ ನಾಲ್ಕು ಬೆರಳು ಜಾಗ ಬಿಡು, ಚೀಲದ ಬಾಯಿ ಒಣಗಿರ್ಲಿ. ತಾರೀಕು ಬರಿ."

ಈ ಸಲ ಹಸಿ ಮಾಂಸದ ಚೀಲ ಬಿಗಿಯಾಗಿ ಅಂಟಿಕೊಂಡಿತು. ಅತ್ತೆ ಬೆರಳಲ್ಲಿ ತಟ್ಟಿ ನೋಡಿದರು. "ಅಬ್ಬಾ, ಕಲ್ಲಾಯ್ತಲ್ಲೇ!"

ಅಷ್ಟೇ, ಅತ್ತೆಗೆ ಯಂತ್ರದ ಹುಚ್ಚು ಹಿಡಿಯಿತು. ಕಡಲೆಕಾಯಿ, ಬೇಳೆ, ಬಿಸ್ಕತ್ತು, ಕೊನೆಗೆ ತಮ್ಮ ಹಳೆ ಕನ್ನಡಕವನ್ನೂ ಚೀಲದಲ್ಲಿಟ್ಟು ಬೆಸೆದರು.

ಮುಂದಿನ ಶುಕ್ರವಾರ ಅತ್ತೆಯ ಮಗ, ದರ್ಜಿಯ ಗಂಡ, ಲಾರಿ ತೆಗೆದುಕೊಂಡು ಮೂರು ದಿನದ ದಾರಿಗೆ ಹೊರಟಿದ್ದ. ಅತ್ತೆ ಬೇಯಿಸಿದ ಕೋಳಿಯ ಎರಡು ಚೀಲಗಳನ್ನು ಅವನ ಕೈಗಿತ್ತರು. "ಸೀಟಿನ ಹಿಂದೆ ಇಟ್ಕೋ. ನಾಡಿದ್ದಿಗೂ ಕೆಡಲ್ಲ, ಗಾಳೀನೇ ಇಲ್ಲ!"

ಕೆಲಸ ಮುಗಿಸಿ ಬರುತ್ತಿದ್ದ ಅಕ್ಕನ ಕಿವಿಗೆ ಈ ಮಾತು ಬಿತ್ತು. ಆಗಲೇ ಇಂಜಿನ್ ಶುರುವಾಗಿತ್ತು. ಅವಳು ಓಡಿಹೋಗಿ ಲಾರಿಯ ಬಾಗಿಲು ಬಡಿದಳು. "ಇಳಿಯಪ್ಪಾ, ಇಳಿ! ಆ ಚೀಲ ಕೊಡು!"

"ಏನಾಯ್ತೇ?" ಅತ್ತೆಗೆ ಗಾಬರಿ.

"ದೊಡ್ಡಮ್ಮ, ಗಾಳಿ ಇಲ್ದಿದ್ರೇನೇ ಬೆಳೆಯೋ ರೋಗಾಣು ಇದಾವೆ. ಬಿಸಿಲಲ್ಲಿ ಕಾದ ಲಾರೀಲಿ ಅವಕ್ಕೆ ಹಬ್ಬ. ವಾಸನೆ ಬರಲ್ಲ, ಬಣ್ಣ ಬದಲಾಗಲ್ಲ, ತಿಂದವರು ಮಾತ್ರ ಆಸ್ಪತ್ರೆ ಸೇರ್ತಾರೆ. ಬೇಯಿಸಿದ್ದು, ಹಸಿ ಮಾಂಸ, ಮೀನು ಬೆಸೆದ್ರೂ ಫ್ರಿಜ್ಜಲ್ಲೋ ಫ್ರೀಜರಲ್ಲೋ ಇರಲೇಬೇಕು. ಹಸಿ ಬೆಳ್ಳುಳ್ಳಿ, ಅಣಬೆ ಬೆಸೆಯೋದೇ ಬೇಡ."

ಅತ್ತೆ ಕೈ ಚಾಚಿ ಮಗನಿಂದ ಆ ಚೀಲಗಳನ್ನು ಕಿತ್ತುಕೊಂಡರು. "ಅಯ್ಯೋ, ನನ್ನ ಕೈಯಾರೆ ನನ್ನ ಮಗನಿಗೇ..."

"ಅಮ್ಮ, ನಾನು ಇನ್ನೂ ತಿಂದಿಲ್ಲ, ಅಳು ಯಾಕೆ ಶುರು ಮಾಡ್ತೀಯಾ?" ಎಂದು ಮಗ ಕೆಳಗಿಳಿದು ಅವರ ಹೆಗಲು ಹಿಡಿದ. ಕೋಳಿ ಫ್ರಿಜ್ಜಿಗೆ ಮರಳಿತು. ಅವನ ಜೊತೆ ಹೊರಟದ್ದು ಹುರಿದ ಕಡಲೆಕಾಯಿ, ಬಿಸ್ಕತ್ತು. ಊಟ ದಾರಿಯಲ್ಲಿ ಬಿಸಿಯಾಗಿ ಸಿಕ್ಕಿತು.

ಸಂಜೆಯೊಳಗೆ ಅತ್ತೆ ಬೀದಿಯ ಮನೆಮನೆಗೂ ಹೋಗಿ ಹೇಳಿ ಬಂದರು. ಯಂತ್ರವಿಲ್ಲದವರಿಗೂ ಹೇಳಿದರು!

ನಿಮ್ಮ ಮನೆಗೂ ಈ ಯಂತ್ರ ಬಂದರೆ ಬರಲಿ, ಒಳ್ಳೆಯದೇ. ಆಹಾರ ಪೋಲಾಗುವುದು ತಪ್ಪುತ್ತದೆ. ಆದರೆ ಅದು ಫ್ರಿಜ್ಜಿನ ಜೊತೆಗಾರನೇ ಹೊರತು ಬದಲಿ ಆಳಲ್ಲ. ಬಿಸಿ ಆರಿಸಿ ಬೆಸೆಯಿರಿ, ತಣ್ಣಗಿಡಿ, ಹೆಪ್ಪುಗಟ್ಟಿದ್ದನ್ನು ಫ್ರಿಜ್ಜಿನೊಳಗೇ ಕರಗಿಸಿ. ಅನುಮಾನ ಬಂದ ಚೀಲವನ್ನು ರುಚಿ ನೋಡಲು ಹೋಗದೆ ಎಸೆದುಬಿಡಿ. ಮನೆಯವರ ಹೊಟ್ಟೆಗಿಂತ ಒಂದು ಚೀಲ ಕೋಳಿ ಹೆಚ್ಚೇ?