ಅಮ್ಮನ ಹೆಸರಿನ ಪೆಟ್ಟಿಗೆ

ವೀಲ್‌ಚೇರಿನಲ್ಲಿ ಕೂತವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಜನ ಅದು ಹೇಗೆ ತೀರ್ಮಾನಿಸಿಬಿಡುತ್ತಾರೋ ಸತ್ಯವತಿಗೆ ತಿಳಿಯದು. ಸಿಂಗಪುರದ ವಿಮಾನ ನಿಲ್ದಾಣದಲ್ಲಿ ಮಗ ವಿಶ್ರುತ್ ಅವರ ಕುರ್ಚಿಯ ಹಿಂದೆಯೇ ನಿಂತುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಆ ಕಡೆ ಇದ್ದದ್ದು ಪೀಣ್ಯದ ಅವನ ಕಾರ್ಖಾನೆಯ ಮೇಸ್ತ್ರಿ ಕೃಷ್ಣಪ್ಪ.

"ಹೂಂ ಕೃಷ್ಣಪ್ಪ, ಮಿಷಿನ್ನಿಗೆ ಹಾಕೋ ಇನ್ಸರ್ಟು ಪೂರ್ತಿ ಸಿಕ್ತು. ಅಮ್ಮನ ಪೆಟ್ಟಿಗೇಲಿ ಅರ್ಧ, ಮಹಾನಂದಾ ಹೆಸರಿನ ಪೆಟ್ಟಿಗೇಲಿ ಅರ್ಧ ತುಂಬಿದೀನಿ. ಇಲ್ಲಪ್ಪ, ಕೊರಿಯರ್ ಎಲ್ಲ ಯಾಕೆ? ಟಿಕೆಟ್ಟು ಆಫರಲ್ಲಿ ಬಿದ್ದಿತ್ತು. ಇವ್ರಿಬ್ಬರನ್ನ ಜೊತೇಲಿ ಕರ್ಕೊಂಡು ಬಂದ ಖರ್ಚು ಲಗೇಜಲ್ಲೇ ಗಿಟ್ಟತ್ತೆ. ಅಲ್ದೆ ವೀಲ್‌ಚೇರ್ ಒಂದಿದ್ರೆ ಬೆಂಗ್ಳೂರಲ್ಲಿ ಕಸ್ಟಮ್ಸ್‌ನೋರು ತಲೆ ಎತ್ತಿ ನೋಡಲ್ಲ ಗುರು."

ಸತ್ಯವತಿ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಮೊದಲು ಅವರಿಗೆ ಬಂದದ್ದು ಸಿಟ್ಟಲ್ಲ, ನಾಚಿಕೆ. ಇಲ್ಲಿಂದಲೇ ಹೊರಟ ಪ್ರವಾಸದ ಹಡಗಿನಲ್ಲಿ ಇದ್ದಷ್ಟು ದಿನವೂ ಊಟದ ಮೇಜಿನಲ್ಲಿ ಪಕ್ಕ ಕೂತವರಿಗೆಲ್ಲ ಅವರು ಒಂದೇ ಮಾತು ಹೇಳಿದ್ದರು. "ನಮ್ಮ ಯಜಮಾನ್ರು ಇದ್ದಾಗ ಸಮುದ್ರ ನೋಡೋಕೆ ಆಗ್ಲೇ ಇಲ್ಲ. ಈಗ ಮಗ ಕರ್ಕೊಂಡು ಬಂದಿದಾನೆ." ಚೆನ್ನೈಯಿಂದ ಬಂದಿದ್ದ ಒಬ್ಬಾಕೆ ಅದನ್ನು ಕೇಳಿ ಕಣ್ಣಲ್ಲಿ ನೀರು ತಂದುಕೊಂಡು, ವಿಶ್ರುತ್‌ನ ಬೆನ್ನು ತಟ್ಟಿದ್ದರು. ಅವನು ನಕ್ಕಿದ್ದ. ಆ ನಗು ಈಗ ನೆನಪಾಗಿ ಸತ್ಯವತಿಯ ಮುಖ ಬಿಸಿಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಬಂದದ್ದು ಹೋಗಲಿಲ್ಲ.

ಅವರಿಗೆ ವೀಲ್‌ಚೇರಿನ ಅಗತ್ಯವೇ ಇರಲಿಲ್ಲ. ಎಡಮಂಡಿ ನೋಯುತ್ತಿತ್ತು, ನಿಜ. ಆದರೆ ಜಾಲಹಳ್ಳಿಯ ಮನೆಯಲ್ಲಿ ದಿನವೂ ಮಹಡಿ ಹತ್ತಿ ಹಪ್ಪಳ ಒಣಹಾಕಿ ಇಳಿಯುತ್ತಿದ್ದರು. ಹೊರಡುವಾಗ ಬೇಡವೆಂದೇ ಹೇಳಿದ್ದರು. "ಸುಮ್ನಿರಮ್ಮ, ಅಲ್ಲಿ ಮೈಲಿಗಟ್ಲೆ ನಡೀಬೇಕು, ನಿಂಗಾಗಲ್ಲ" ಎಂದು ವಿಶ್ರುತ್ ಗದರಿಸಿದ್ದ. ಆ ಗದರಿಕೆಯಲ್ಲಿ ಅವರಿಗೆ ಪ್ರೀತಿ ಕಂಡಿತ್ತು. ತಮ್ಮನ್ನು ನೋಡಿಕೊಳ್ಳುವ ಮಹಾನಂದಾಳನ್ನೂ ಕರೆದುಕೊಂಡು ಹೋಗೋಣ ಅಂದಾಗಲಂತೂ, ಅದಕ್ಕೆಂದೇ ಓಡಾಡಿ ಅವಳಿಗೆ ಪಾಸ್‌ಪೋರ್ಟು ಮಾಡಿಸಿದಾಗಲಂತೂ, ನೆರೆಯ ಕಮಲಮ್ಮನವರ ಮುಂದೆ ಮಗನನ್ನು ಹೊಗಳಿದ್ದೇ ಹೊಗಳಿದ್ದು.

ಮಹಾನಂದಾ ಇಂಡಿ ತಾಲೂಕಿನ ಕಡೆಯವಳು. ಗಂಡ ಹಣಮಂತ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ರಾಜಗೋಪಾಲನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಮೂರು ವರ್ಷದಿಂದ ಸತ್ಯವತಿಯ ಮಂಡಿಗೆ ಎಣ್ಣೆ ಹಚ್ಚುವವಳು ಅವಳೇ, ಅವರ ಮಾತಿಗೆ ಹೂಂಗುಟ್ಟುವವಳೂ ಅವಳೇ. ಹಡಗು ಬಂದು ದಡ ಸೇರಿದ ಆ ಬೆಳಿಗ್ಗೆ ಎಲ್ಲರೂ ಅಂಗಡಿಗಳಿಗೆ ಹೋದಾಗ ಅವಳು ಮಗಳಿಗೊಂದು ಗಾಲಿ ಇರುವ ಶಾಲೆಯ ಚೀಲ, ಊರಲ್ಲಿದ್ದ ಅತ್ತೆ ರುಕ್ಮವ್ವಳಿಗೆ ದಪ್ಪನೆಯ ನುಣುಪಾದ ಒಂದು ರಗ್ಗು ಕೊಂಡಿದ್ದಳು. ರಗ್ಗಿನ ಪ್ಲಾಸ್ಟಿಕ್ ಚೀಲದ ಮೇಲೆ ಹುಲಿಯ ಚಿತ್ರವಿತ್ತು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಸಾಲು ಮುಂದೆ ಸರಿಯಿತು. ಕೌಂಟರಿನ ಹುಡುಗಿ ಪೆಟ್ಟಿಗೆಗಳನ್ನು ಒಂದೊಂದಾಗಿ ತೂಕಕ್ಕೆ ಹಾಕಿಸಿಕೊಂಡಳು. ಸತ್ಯವತಿಯ ಹೆಸರಿನ ನೀಲಿ ಪೆಟ್ಟಿಗೆಗೆ ಚೀಟಿ ಅಂಟಿತು, ಪಟ್ಟಿಯ ಮೇಲೆ ಉರುಳಿ ಒಳಗೆ ಹೋಯಿತು. ಮಹಾನಂದಾಳ ಹೆಸರಿನ ಕಪ್ಪು ಪೆಟ್ಟಿಗೆಯೂ ಹೋಯಿತು. ಅದರಲ್ಲಿ ಅವಳದೊಂದು ಕರವಸ್ತ್ರವೂ ಇರಲಿಲ್ಲ. ಸೊಸೆ ಶರಣ್ಯಳ ಪೆಟ್ಟಿಗೆ, ವಿಶ್ರುತ್‌ನದು, ಎಲ್ಲವೂ ಹೋದ ಮೇಲೆ ಹುಡುಗಿ ಮಹಾನಂದಾಳ ಕೈಯಲ್ಲಿದ್ದ ರಗ್ಗು, ಶಾಲೆಯ ಚೀಲ, ಬಟ್ಟೆಯ ಗಂಟು ತೋರಿಸಿ ತಲೆ ಅಲ್ಲಾಡಿಸಿದಳು. ಅಗ್ಗದ ಟಿಕೆಟ್ಟು, ಒಬ್ಬರಿಗೆ ಒಂದೇ ಕೈಚೀಲ. ಅವಳ ಹೆಗಲಿನಲ್ಲಿ ಆಗಲೇ ಶರಣ್ಯ ಕೊಟ್ಟ ಚಾಕಲೇಟಿನ ಚೀಲ ನೇತಾಡುತ್ತಿತ್ತು.

ವಿಶ್ರುತ್ ಒಂದು ಕ್ಷಣವೂ ಯೋಚಿಸಲಿಲ್ಲ. ರಗ್ಗು, ಶಾಲೆಯ ಚೀಲ ಎರಡನ್ನೂ ಅವಳ ಕೈಯಿಂದ ತೆಗೆದುಕೊಂಡು ಹೋಗಿ ಕಂಬದ ಪಕ್ಕದ ಕಸದ ಡಬ್ಬಿಯ ಹತ್ತಿರ ಇಟ್ಟು ಬಂದ. "ಅಲ್ಲೇ ಇರ್ಲಿ ಬಿಡು. ಬೆಂಗ್ಳೂರಲ್ಲಿ ಬೇರೆ ಕೊಡಿಸ್ತೀನಿ. ಮೆಜೆಸ್ಟಿಕ್ಕಲ್ಲೇ ಸಿಗತ್ತೆ ಇದು."

ಮಹಾನಂದಾ ಕಂಬದ ಕಡೆ ನೋಡುತ್ತ ನಿಂತಳು.

"ಮಹಾನಂದಾ, ಹೋಗಿ ಅದನ್ನ ತಗೊಂಬಾ" ಎಂದರು ಸತ್ಯವತಿ.

"ಅಮ್ಮ, ಅಲೋ ಮಾಡಲ್ವಂತೆ" ಎಂದ ವಿಶ್ರುತ್.

"ನಿನ್ನ ಕೇಳ್ಲಿಲ್ಲ ನಾನು. ತಗೊಂಬಾ ಮಹಾನಂದಾ."

ಅವಳು ತಂದಳು. ಸತ್ಯವತಿ ತಮ್ಮ ಕೈಚೀಲವನ್ನು ಅಲ್ಲೇ ಕೌಂಟರಿನ ಮೇಲೆ ಬಿಚ್ಚಿದರು. ಔಷಧಿಯನ್ನೂ ಕನ್ನಡಕವನ್ನೂ ಸೊಂಟದ ಚೀಲಕ್ಕೆ ಹಾಕಿಕೊಂಡರು. ಉಳಿದದ್ದನ್ನು, ಮೈಸೂರು ರೇಷ್ಮೆಯ ಒಂದು ಸೀರೆ, ಸ್ವೆಟರು, ತಿಂಡಿಯ ಸ್ಟೀಲ್ ಡಬ್ಬಿ, ಎಲ್ಲವನ್ನೂ ಚೀಲದ ಸಮೇತ ಮಗನ ಎದೆಗೆ ಒತ್ತಿದರು.

"ತಗೊ. ಆ ಕಸದ ಡಬ್ಬಿ ಹತ್ರ ಇಡು, ನೀನು ಇಡೋ ಜಾಗ ಗೊತ್ತಲ್ಲ. ಆ ಶಾಲೆ ಚೀಲ ನನ್ನ ಕೈಚೀಲ ಈಗ. ಅವಳ ಬಟ್ಟೆ ಅದರೊಳಗೆ ಹೋಗ್ಲಿ. ರಗ್ಗು ನಾನು ಹೊದ್ಕೋತೀನಿ. ಹೊದ್ದಿದ್ದಕ್ಕೆ ತೂಕ ಇಲ್ಲ ತಾನೇ?"

"ಏನಮ್ಮ ಇದು, ಜನ ನೋಡ್ತಿದಾರೆ."

"ನೋಡ್ಲಿ. ನನ್ನ ಪೆಟ್ಟಿಗೇಲಿ ಏನಿದೆ ಅಂತ ಕೂಗಿ ಹೇಳ್ಲಾ ಅವರಿಗೆ?"

ವಿಶ್ರುತ್‌ನ ಮುಖ ಬಿಳಿಚಿತು. ಫೋನಿನ ಮಾತು ಇವರ ಕಿವಿಗೆ ಬಿದ್ದಿದೆಯೆಂದು ಅವನಿಗೆ ಆಗ ಹೊಳೆಯಿತು. ಶರಣ್ಯ ಸೀರೆಯ ಚೀಲವನ್ನು ಅವನ ಕೈಯಿಂದ ಕಸಿದುಕೊಂಡು, ಸೀರೆಯನ್ನಷ್ಟೇ ಎಳೆದು ತನ್ನ ಚೀಲಕ್ಕೆ ತುರುಕಿಕೊಂಡಳು. ಉಳಿದದ್ದನ್ನು ಅವನು ಕಂಬದ ಹತ್ತಿರ ಇಟ್ಟು ಬಂದ. ಆ ಸೆಕೆಯ ಊರಿನಲ್ಲಿ ರಗ್ಗು ಹೊದ್ದು ಕೂತ ಮುದುಕಿಯನ್ನು ಕೌಂಟರಿನ ಹುಡುಗಿ ಕಂಡೂ ಕಾಣದವಳಂತೆ ಒಳಗೆ ಕಳಿಸಿದಳು.

ವಿಮಾನದಲ್ಲೂ ಸತ್ಯವತಿ ರಗ್ಗು ಹೊದ್ದೇ ಕೂತಿದ್ದರು. ಪಕ್ಕದಲ್ಲಿ ಕೂತ ಮಹಾನಂದಾ ಒಮ್ಮೆ ಮೆಲ್ಲಗೆ, "ಯಾಕ್ರಿ ಅಜ್ಜಿ, ಅಷ್ಟು ಸಿಟ್ಟು ಮಾಡ್ಕೊಂಡ್ರಿ? ಒಂದು ರಗ್ಗಿಗೆ" ಎಂದಳು. ಅವರ ತಲೆಯಲ್ಲಿ ಓಡುತ್ತಿದ್ದದ್ದು ಗಂಡ ರಾಮಪ್ರಸಾದರ ನೆನಪು. ಸರ್ಕಾರಿ ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದ ಮನುಷ್ಯ ಗೇಟಿನಲ್ಲಿ ಕಾವಲಿನವನು ಕೇಳುವ ಮೊದಲೇ ಊಟದ ಡಬ್ಬಿ ಬಿಚ್ಚಿ ತೋರಿಸುತ್ತಿದ್ದರು. ಅಂಥವರ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ನರೆತ ತಲೆಯನ್ನು ಮುಂದೆ ಮಾಡಿ ಕಳ್ಳಮಾಲು ದಾಟಿಸುವ ಉಪಾಯ ತಮ್ಮ ಹೊಟ್ಟೆಯಲ್ಲಿ ಹುಟ್ಟಿದವನಿಗೇ ಹೊಳೆಯಿತಲ್ಲ ಎಂದು ಅವರು ಹಲ್ಲು ಕಚ್ಚಿದರು. ಮೊದಲೇ ಗೊತ್ತಿದ್ದರೆ ಸುಮ್ಮನೆ ಮನೆಯಲ್ಲೇ ಇರುತ್ತಿದ್ದರು. ಸಮುದ್ರ ನೋಡದೆ ಇಷ್ಟು ವರ್ಷ ಬದುಕಿರಲಿಲ್ಲವೇ?

ಬೆಂಗಳೂರಿನಲ್ಲಿ ಇಳಿದಾಗ ಸಮವಸ್ತ್ರದ ಒಬ್ಬ ಹುಡುಗ ಕುರ್ಚಿ ತಂದ. ಪೆಟ್ಟಿಗೆಗಳು ಬಂದವು. ವಿಶ್ರುತ್ ನೀಲಿಯದನ್ನೂ ಕಪ್ಪನೆಯದನ್ನೂ ಬೇರೆ ಗಾಡಿಗೆ ಹಾಕಿ ತಾಯಿಯ ಕುರ್ಚಿಗೆ ಒತ್ತಿಕೊಂಡಂತೆ ತಳ್ಳಿಕೊಂಡು ಬಂದ. ಮುಂದೆ ಎರಡು ದಾರಿ. ಸುಂಕದ ಸಾಮಾನು ಇಲ್ಲದವರಿಗೆ ಹಸಿರು, ಇದ್ದವರಿಗೆ ಕೆಂಪು. ಕುರ್ಚಿಯ ಹುಡುಗ ಅಭ್ಯಾಸದಂತೆ ಹಸಿರಿನ ಕಡೆ ತಿರುಗಿಸಿದ.

"ನಿಲ್ಸಪ್ಪ" ಎಂದರು ಸತ್ಯವತಿ.

ಅವನು ನಿಲ್ಲಿಸಿದ. ಅವರು ಪಾದದ ಹಲಗೆಯನ್ನು ಕಾಲಿನಿಂದ ಮಡಚಿ ಎದ್ದು ನಿಂತರು. ಮಂಡಿ ಚುರುಕ್ ಎಂದಿತು. ಹೆಗಲ ಮೇಲಿನ ರಗ್ಗನ್ನು ಮಹಾನಂದಾಳ ಕೈಗೆ ಕೊಟ್ಟು, ಕೆಂಪು ದಾರಿಯಲ್ಲಿ ಕೂತಿದ್ದ ಅಧಿಕಾರಿಯ ಮೇಜಿನ ಕಡೆ ನಡೆದರು.

"ಅಮ್ಮ, ಬೇಡಮ್ಮ" ಎಂದು ವಿಶ್ರುತ್ ತೋಳು ಹಿಡಿದ. ಅವರು ಕೊಡವಿಕೊಂಡರು.

"ಕೂತ್ಕೊಳ್ಳಿ ತಾಯಿ, ಏನಾಗ್ಬೇಕು?" ಎಂದರು ಅಧಿಕಾರಿ.

"ಆ ನೀಲಿ ಪೆಟ್ಟಿಗೆ ನನ್ನ ಹೆಸರಲ್ಲಿದೆ ಸಾರ್. ಒಳಗಿರೋದು ನನ್ನದಲ್ಲ. ಇವನ ಫ್ಯಾಕ್ಟರಿ ಸಾಮಾನು. ಕಪ್ಪುದ್ರಲ್ಲೂ ಅದೇ ಇದೆ. ತೆಗೆದು ನೋಡಿ."

ತೆಗೆದರು. ಸೀರೆ ಟವೆಲ್ಲುಗಳ ನಡುವೆ ಇಟ್ಟಿಗೆ ಪೇರಿಸಿದಂತೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು. ಅವುಗಳಲ್ಲಿ ಹೊಂಬಣ್ಣದ ಚಿಕ್ಕ ಬಿಲ್ಲೆಗಳು, ಫೋನಿನಲ್ಲಿ ಹೇಳಿದ ಅದೇ ಇನ್ಸರ್ಟುಗಳು. ಕಬ್ಬಿಣ ಕಡೆಯುವ ಯಂತ್ರದ ಮೊನೆಗೆ ಸಿಕ್ಕಿಸುವಂಥವು. ಪೀಣ್ಯದ ಕಾರ್ಖಾನೆಯಲ್ಲಿ ಮಗನ ಮೇಜಿನ ಮೇಲೆ ಸತ್ಯವತಿ ಅವನ್ನು ನೋಡಿದ್ದರು. ವಿಶ್ರುತ್ ಮೊದಲು ಸ್ಯಾಂಪಲ್ ಅಂದ, ಆಮೇಲೆ ಯಾರೋ ಸ್ನೇಹಿತರದ್ದು ಅಂದ. ಕೊನೆಗೆ ಒಪ್ಪಿಕೊಂಡ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಕಪ್ಪು ಪೆಟ್ಟಿಗೆಯ ಚೀಟಿ ನೋಡಿ ಅಧಿಕಾರಿ, "ಮಹಾನಂದಾ ಯಾರು?" ಎಂದರು. ಅವಳ ಪಾಸ್‌ಪೋರ್ಟು ತೆಗೆದುಕೊಂಡರು. ಒಬ್ಬ ಮಹಿಳಾ ಅಧಿಕಾರಿ ಬಂದು ಅವಳನ್ನು ಗಾಜಿನ ಕೋಣೆಗೆ ಕರೆದೊಯ್ದು ಹಿಂದಿಯಲ್ಲಿ ಕೇಳತೊಡಗಿದಳು. ಪೆಟ್ಟಿಗೆ ಕೊಟ್ಟವರು ಯಾರು, ಎಷ್ಟು ಸಲ ಹೋಗಿ ಬಂದಿದ್ದೀ, ಇದಕ್ಕೆ ನಿನಗೇನು ಕೊಡುತ್ತಾರೆ. ಮಹಾನಂದಾ ರಗ್ಗನ್ನು ಅವುಚಿಕೊಂಡು ಕೂತಿದ್ದು ಗಾಜಿನಾಚೆಯಿಂದ ಕಾಣುತ್ತಿತ್ತು. ಸತ್ಯವತಿ ಆ ಹೊತ್ತಿನಲ್ಲಿ ಮಗನನ್ನು ಬೈಯುತ್ತಿದ್ದರು. ವರ್ಷಗಟ್ಟಲೆ ಬೈಯದೆ ಉಳಿಸಿಕೊಂಡದ್ದನ್ನೆಲ್ಲ ಅಲ್ಲಿ ಕಕ್ಕಿದರು. ಅವನು ಸುಂಕವನ್ನೂ ದಂಡವನ್ನೂ ಕಟ್ಟಿ, ಕಾಗದಗಳಿಗೆಲ್ಲ ಸಹಿ ಹಾಕಿ ಮುಗಿಸುವ ಹೊತ್ತಿಗೆ ಅವರ ಗಂಟಲು ಒಣಗಿತ್ತು. ಮಹಾನಂದಾಳನ್ನು ಹೊರಗೆ ಬಿಟ್ಟದ್ದು ಅದಾದ ಮೇಲೆ.

ಕಾರಿನಲ್ಲಿ ವಿಶ್ರುತ್ ಒಂದೇ ಮಾತು ಹೇಳಿದ. "ನನ್ನ ಮಾನ ತೆಗ್ದೆ ಕಣಮ್ಮ."

"ನನ್ನದು ನೀನು ಅಲ್ಲೇ ಸಿಂಗಪುರದಲ್ಲೇ ತೆಗ್ದೆ" ಎಂದರು ಸತ್ಯವತಿ.

ಎರಡು ದಿನ ಬಿಟ್ಟು ಮಹಾನಂದಾ ಬಂದಳು. ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಅಜ್ಜಿ, ನಾ ಇನ್ನ ಕೆಲಸಕ್ಕ ಬರಂಗಿಲ್ರಿ. ಇಲ್ಲೇ ಪೀಣ್ಯಾದಾಗ ಬಟ್ಟಿ ಹೊಲಿಯೂ ಫ್ಯಾಕ್ಟ್ರ್ಯಾಗ ಕರ್ದಾರ."

"ಅವನ ಮೇಲಿನ ಸಿಟ್ಟಿಗೆ ನನ್ನ ಬಿಟ್ಟು ಹೋಗ್ತೀಯಾ? ನಿನಗೋಸ್ಕರ ತಾನೇ ನಾನು ಅಷ್ಟು ಜಗಳ ಆಡಿದ್ದು?"

ಮಹಾನಂದಾ ಅವರನ್ನು ನೇರವಾಗಿ ನೋಡಿದಳು. ಮೂರು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು.

"ರಗ್ಗು ತರ್ಸಿದ್ರಿ, ಖರೇನ ರಿ. ಅದು ನನ್ನ ಸಲುವಾಗಿ. ಆದ್ರ ಆ ಕೆಂಪು ದಾರಿ ನನ್ನ ಸಲುವಾಗಿ ಅಲ್ರಿ. ಪೆಟ್ಟಿಗಿ ಮ್ಯಾಲೆ ನನ್ನ ಹೆಸರೂ ಇತ್ತು. ನಿಮ್ಮನ್ನ ತಾಯಿ ಅಂತ ಕುಂದ್ರಿಸಿದ್ರು, ನನ್ನ ಕಳ್ಳಿ ಅಂತ ಕುಂದ್ರಿಸಿದ್ರು. ಒಳಗ ಕರ್ಕೊಂಡ್ ಹೋಗೂ ಮುಂದ ನಿಮ್ಮ ಕಡೆ ನೋಡ್ದೆ ನಾ. ನೀವು ಮಗನ ಕೂಡ ಜಗಳದಾಗ ಇದ್ರಿ."

"ಅವರು ಬಿಟ್ರಲ್ಲ ನಿನ್ನ" ಎಂದರು ಸತ್ಯವತಿ, ದನಿ ಏರಿಸಿ.

"ಬಿಟ್ರು ರಿ. ಬಿಡದಿದ್ರ?"

ಸತ್ಯವತಿ ಇನ್ನಷ್ಟು ಸಿಟ್ಟಾಗಿ, "ಹೋಗು ಹಂಗಾದ್ರೆ" ಎಂದುಬಿಟ್ಟರು. ಅವಳು ಹೋದಳು. ಸತ್ಯವತಿ ಅಡಿಗೆಮನೆಗೆ ಬಂದು ಮಧ್ಯಾಹ್ನದವರೆಗೆ ಪಾತ್ರೆಗಳನ್ನು ಸದ್ದು ಮಾಡಿ ತೊಳೆದರು. ಪೆಟ್ಟಿಗೆಯ ಮೇಲೆ ಮಹಾನಂದಾಳ ಹೆಸರಿದ್ದ ಆ ಚೀಟಿ ಅವರ ಕಣ್ಣಿಗೂ ಬಿದ್ದಿತ್ತು. ಕಪ್ಪುದರಲ್ಲೂ ಇದೆ ಎಂದು ತೋರಿಸಿಕೊಟ್ಟವರು ಅವರೇ. ಮಗ ಅವಳ ಹೆಸರನ್ನು ಕೇಳದೆ ಬಳಸಿದ್ದ. ತಾವೂ ಕೇಳಿರಲಿಲ್ಲ.

ಮುಂದಿನ ಭಾನುವಾರ ಅವರು ಒಬ್ಬರೇ ಆಟೊ ಹಿಡಿದು ರಾಜಗೋಪಾಲನಗರಕ್ಕೆ ಹೋದರು. ಬೀದಿ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ನಾಲ್ಕು ಬಾಗಿಲಲ್ಲಿ ವಿಚಾರಿಸಿ, ಕಿರಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನಿಂತಾಗ ಮಹಾನಂದಾ ಗಾಬರಿಯಾಗಿ ಸ್ಟೂಲು ಹಾಕಿದಳು. ಹಣಮಂತ ಎದ್ದು ಹೊರಗೆ ಹೋದ.

"ತಪ್ಪಾಯ್ತು ಮಹಾನಂದಾ" ಎಂದರು ಸತ್ಯವತಿ. "ಕೆಲಸಕ್ಕೆ ಕರೆಯೋಕೆ ಬಂದಿಲ್ಲ. ಇದನ್ನ ಹೇಳೋಕೆ ಬಂದೆ."

ಅವಳು ಪರವಾಗಿಲ್ಲ ಅನ್ನಲಿಲ್ಲ. ಚಹಾ ಮಾಡಿ ಕೊಟ್ಟಳು. ಇಬ್ಬರೂ ಮಗಳ ಶಾಲೆಯ ವಿಷಯ, ಹೊಸ ಕೆಲಸದ ವಿಷಯ ಸ್ವಲ್ಪ ಮಾತಾಡಿದರು. ಇಳಿಯುವಾಗ ತೋಳು ಹಿಡಿದು ಕೆಳಗಿನ ಮೆಟ್ಟಿಲವರೆಗೆ ಬಂದಳು, ಅಷ್ಟೇ. ಕೆಲಸಕ್ಕೆ ಮತ್ತೆ ಬರುತ್ತೇನೆಂದು ಅವಳೂ ಹೇಳಲಿಲ್ಲ, ಬಾ ಎಂದು ಇವರೂ ಕೇಳಲಿಲ್ಲ.

ತಿಂಗಳು ಕಳೆದ ಮೇಲೆ ವಿಶ್ರುತ್ ಒಂದು ಸಂಜೆ ತಾಯಿಯ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತ. "ಇನ್ನೂ ಕೋಪ ಹೋಗಿಲ್ವಾಮ್ಮ?"

"ಇಲ್ಲ" ಎಂದರು ಸತ್ಯವತಿ. "ಮಹಾನಂದಾ ಮನೆಗೆ ಹೋಗಿದ್ಯಾ ನೀನು?"

"ನಾನ್ಯಾಕಮ್ಮ ಹೋಗ್ಲಿ?"

"ಹೋಗಿ ಬಂದ ಮೇಲೆ ಕೇಳು."

ಅವನು ಎದ್ದು ಹೋದ. ಸತ್ಯವತಿ ಎಣ್ಣೆಯ ಬಟ್ಟಲು ಎಳೆದುಕೊಂಡು, ಸೀರೆಯನ್ನು ಮೇಲಕ್ಕೆ ಸರಿಸಿ, ತಮ್ಮ ಮಂಡಿಗೆ ತಾವೇ ಎಣ್ಣೆ ಹಚ್ಚಿಕೊಂಡರು.